ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಹಳೆಯದರ ಮುಚ್ಚಳ ತೆಗೆದು ನೋಡಿ

ಸ್ವಿಚ್ ಒತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಗಿರಗಿರನೆ ಸುತ್ತುತ್ತಲೇ ಇರುತ್ತವೆ. ಬ್ರೌಸರ್ ತೆರೆಯಲು ಇನ್ನೆರಡು ನಿಮಿಷ. ಮಗಳು ಕಾಲೇಜಿನ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿದ್ದರೆ ನಡುವೆ ಎಲ್ಲವೂ ಸ್ತಬ್ಧ. ಕೊನೆಗೆ ರಿಪೇರಿ ಅಂಗಡಿಯವರನ್ನು ಕರೆಸುತ್ತೀರಿ. ಅವರು ಡಬ್ಬಿಯ ಮೇಲೊಮ್ಮೆ ಕೈಯಾಡಿಸಿ, ‘ಹಳೇ ಮಾಡೆಲ್ಲು ಸಾರ್, ಇದಕ್ಕೆ ದುಡ್ಡು ಸುರಿಯೋ ಬದಲು ಹೊಸದೇ ತಗೊಂಡ್ಬಿಡಿ’ ಅನ್ನುತ್ತಾರೆ. ಆ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಯಾವುದೆಂದು ತೀರ್ಮಾನಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ಡಬ್ಬಿಯೊಳಗೆ ಯಾವ ಭಾಗ ಯಾವ ಕೆಲಸ ಮಾಡುತ್ತದೆ, ಯಾವುದು ಸೋತರೆ ಯಾವ ಲಕ್ಷಣ ಕಾಣುತ್ತದೆ ಎಂಬಷ್ಟು ತಿಳಿದರೆ ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಆರೆಂಟು ವರ್ಷ ಹಳೆಯ ಕಂಪ್ಯೂಟರ್ ತೆವಳುತ್ತಿದ್ದರೆ, ಸಾಮಾನ್ಯವಾಗಿ ಸೋತಿರುವುದು ಪ್ರೊಸೆಸರ್ ಅಲ್ಲ. ಒಂದೋ ಹಾರ್ಡ್ ಡಿಸ್ಕ್, ಇಲ್ಲವೇ ರ‍್ಯಾಮ್. ಎರಡನ್ನೂ ಬದಲಿಸಬಹುದು, ಮಿಕ್ಕಿದ್ದನ್ನು ಹಾಗೇ ಉಳಿಸಿಕೊಳ್ಳಬಹುದು.

ಬಿಡಿಬಿಡಿಯಾಗಿ ಬದಲಿಸಲು ಬರುವುದೇಕೆ?

1981ರ ಆಗಸ್ಟ್ 12ರಂದು ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರಲ್ಲಿದ್ದದ್ದು 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088 ಪ್ರೊಸೆಸರ್. ಅತಿ ಅಗ್ಗದ ಮಾದರಿಯಲ್ಲಿ ಬರೀ 16 ಕಿಲೋಬೈಟ್ ಮೆಮೊರಿ. ಅಂಕಿಗಳು ಇಂದು ನಗು ತರಿಸುತ್ತವೆ. ಆದರೆ ಆ ಯಂತ್ರದ ಮಹತ್ವ ವೇಗದಲ್ಲಿರಲಿಲ್ಲ. ಐಬಿಎಂ ಬಹುತೇಕ ಭಾಗಗಳನ್ನು ಹೊರಗಿನ ಕಂಪನಿಗಳಿಂದ ಕೊಂಡು ಜೋಡಿಸಿತ್ತು, ತಾಂತ್ರಿಕ ವಿವರಗಳನ್ನು ಪ್ರಕಟಿಸಿತ್ತು, ಹೊಸ ಕಾರ್ಡ್‌ಗಳನ್ನು ಸಿಕ್ಕಿಸಲು ಖಾಲಿ ಸ್ಲಾಟ್‌ಗಳನ್ನೂ ಬಿಟ್ಟಿತ್ತು. ಬೇರೆಯವರೂ ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಮಾದರಿ ಮದರ್‌ಬೋರ್ಡ್‌ನ ಅಳತೆ, ಸ್ಕ್ರೂ ತೂತುಗಳ ಜಾಗ, ವಿದ್ಯುತ್ ಪ್ಲಗ್‌ನ ಆಕಾರ ಎಲ್ಲವನ್ನೂ ಒಂದು ಕ್ರಮಕ್ಕೆ ತಂದಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಅಂಗಡಿಯಲ್ಲಿ ಕ್ಯಾಬಿನೆಟ್, ಪಕ್ಕದ ಅಂಗಡಿಯಲ್ಲಿ ಮದರ್‌ಬೋರ್ಡ್, ಎದುರಿನ ಅಂಗಡಿಯಲ್ಲಿ ರ‍್ಯಾಮ್ ಕೊಂಡು ಸಂಜೆಯೊಳಗೆ ಒಂದು ಕಂಪ್ಯೂಟರ್ ಜೋಡಿಸಿಕೊಳ್ಳಲು ಸಾಧ್ಯವಾಗಿರುವುದು ಇದರಿಂದಲೇ.

ಎಲ್ಲ ಯಂತ್ರಗಳೂ ಹೀಗಿಲ್ಲ ಎಂಬುದೂ ಗೊತ್ತಿರಲಿ. ಕೆಲವು ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ, ಮುಖ್ಯವಾಗಿ ಪುಸ್ತಕದಂತೆ ತೆಳ್ಳಗಿರುವ ಸಣ್ಣ ಡಬ್ಬಿಗಳಲ್ಲಿ, ಮದರ್‌ಬೋರ್ಡ್ ಮತ್ತು ಪವರ್ ಸಪ್ಲೈ ಆ ಕಂಪನಿಯದ್ದೇ ಅಳತೆಯವು. ಹೊರಗಿನದು ಕೂರುವುದಿಲ್ಲ. ಅವುಗಳಲ್ಲೂ ರ‍್ಯಾಮ್ ಮತ್ತು ಡಿಸ್ಕ್ ಸಾಮಾನ್ಯವಾಗಿ ಎಲ್ಲೆಡೆ ಸಿಗುವ ಬಗೆಯವೇ.

ಒಂದು ಫೈಲ್ ತೆರೆದಾಗ ಒಳಗೆ ನಡೆಯುವುದು

ನೀವು ಒಂದು ಫೋಟೋದ ಮೇಲೆ ಎರಡು ಬಾರಿ ಕ್ಲಿಕ್ ಮಾಡುತ್ತೀರಿ. ಮೌಸ್‌ನ ಸಂಕೇತ ಯುಎಸ್‌ಬಿ ಪೋರ್ಟ್ ಹಾದು ಪ್ರೊಸೆಸರ್‌ಗೆ ಮುಟ್ಟುತ್ತದೆ. ಪ್ರೊಸೆಸರ್ ಆ ಫೋಟೋವನ್ನು ಡಿಸ್ಕ್‌ನಿಂದ ರ‍್ಯಾಮ್‌ಗೆ ತರಿಸುತ್ತದೆ. ಫೋಟೋ ತೋರಿಸುವ ಪ್ರೋಗ್ರಾಂ ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಅದನ್ನೂ ತರಿಸುತ್ತದೆ. ಬೇಕಾದ ಲೆಕ್ಕವನ್ನೆಲ್ಲ ಮಾಡಿ, ಗ್ರಾಫಿಕ್ಸ್ ಭಾಗದ ಮೂಲಕ ಮಾನಿಟರ್‌ಗೆ ಕಳಿಸುತ್ತದೆ. ಇವೆಲ್ಲ ಓಡಾಟಕ್ಕೂ ದಾರಿ ಮದರ್‌ಬೋರ್ಡ್, ವಿದ್ಯುತ್ ಕೊಡುವುದು ಎಸ್‌ಎಂಪಿಎಸ್.

ಮದುವೆ ಮನೆಯ ಅಡುಗೆ ಭಟ್ಟರನ್ನು ನೆನೆಸಿಕೊಳ್ಳಿ. ಭಟ್ಟರು ಪ್ರೊಸೆಸರ್, ಅವರ ಮುಂದಿನ ಅಡುಗೆಕಟ್ಟೆ ರ‍್ಯಾಮ್, ಹಿಂದಿನ ಉಗ್ರಾಣ ಡಿಸ್ಕ್. ಭಟ್ಟರ ಕೈ ಎಷ್ಟೇ ಚುರುಕಾಗಿದ್ದರೂ ಕಟ್ಟೆ ಮೊಳದಷ್ಟೇ ಇದ್ದರೆ, ಬೇಳೆ ಇಡಲು ಬೆಲ್ಲ ಎತ್ತಬೇಕು, ಬೆಲ್ಲ ಬೇಕಾದಾಗ ಮತ್ತೆ ಉಗ್ರಾಣಕ್ಕೆ ಓಡಬೇಕು. ಉಗ್ರಾಣವೂ ದೂರದಲ್ಲಿದ್ದರೆ ಊಟಕ್ಕೆ ಸಂಜೆಯಾಗುತ್ತದೆ. ಇಂಥ ಹೊತ್ತಿನಲ್ಲಿ ಇನ್ನೂ ಚುರುಕಿನ ಭಟ್ಟರನ್ನು ಕರೆಸಿ ಏನು ಬಂತು? ರ‍್ಯಾಮ್ ತುಂಬಿದಾಗ ವಿಂಡೋಸ್ ಮಾಡುವುದೂ ಇದನ್ನೇ. ಸದ್ಯಕ್ಕೆ ಬೇಡದ ಭಾಗಗಳನ್ನು ಡಿಸ್ಕ್‌ನ ಒಂದು ಫೈಲ್‌ಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ಎಳೆದು ತರುತ್ತದೆ.

ಹಾರ್ಡ್ ಡಿಸ್ಕ್: ನಿಧಾನಗತಿಯ ಮೊದಲ ಆರೋಪಿ

ಹಾರ್ಡ್ ಡಿಸ್ಕ್ ಒಳಗೆ ಲೋಹದ ಹೊಳಪಿನ ತಟ್ಟೆಗಳು ತಿರುಗುತ್ತಿರುತ್ತವೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 5400. ಒಂದು ಸಣ್ಣ ತೋಳು ಬೇಕಾದ ಜಾಗಕ್ಕೆ ಚಾಚಿಕೊಂಡು, ಆ ಜಾಗ ಸುತ್ತಿ ತನ್ನ ಕೆಳಗೆ ಬರುವವರೆಗೆ ಕಾದು ಓದಬೇಕು. ಹೀಗೆ ಒಂದು ಜಾಗ ಮುಟ್ಟಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಕಣ್ಣಿಗೆ ಇದು ಏನೂ ಅಲ್ಲ. ಆದರೆ 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಗಡಿಯಾರ ಅಷ್ಟರಲ್ಲಿ 3 ಕೋಟಿ ಸಲ ಮಿಡಿದಿರುತ್ತದೆ. ವಿಂಡೋಸ್ ಏಳುವಾಗ ಒಂದು ದೊಡ್ಡ ಫೈಲನ್ನಲ್ಲ, ಅಲ್ಲಲ್ಲಿ ಚದುರಿರುವ ಸಾವಿರಾರು ಸಣ್ಣ ಫೈಲ್‌ಗಳನ್ನು ಓದುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಜಾಗಗಳನ್ನಷ್ಟೇ ಮುಟ್ಟಬಲ್ಲ ತೋಳಿಗೆ ಇದು ನಿಮಿಷಗಳ ಕೆಲಸ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಇರುವುದು ಚಿಪ್‌ಗಳು. ಸೆಕೆಂಡಿಗೆ ಹತ್ತಾರು ಸಾವಿರ ಸಣ್ಣ ಓದುಗಳು ಅದಕ್ಕೆ ಲೀಲಾಜಾಲ. ಹಳೆಯ ಕಂಪ್ಯೂಟರ್‌ಗೆ ಒಂದೇ ಒಂದು ಬದಲಾವಣೆ ಮಾಡಿಸಲು ಹಣವಿದ್ದರೆ ನನ್ನ ಮತ ಕಣ್ಣುಮುಚ್ಚಿ ಎಸ್‌ಎಸ್‌ಡಿಗೆ.

ಎಸ್‌ಎಸ್‌ಡಿ ಕೊಳ್ಳುವಾಗ ಎರಡು ಬಗೆ ಎದುರಾಗುತ್ತವೆ. ಎರಡೂವರೆ ಇಂಚಿನ ಚಪ್ಪಟೆ ಡಬ್ಬಿಯದು ಸಾಟಾ ಕೇಬಲ್‌ನಲ್ಲಿ ಕೂರುತ್ತದೆ, ವೇಗ ಸೆಕೆಂಡಿಗೆ 550 ಮೆಗಾಬೈಟ್‌ನ ಆಸುಪಾಸು. ಹತ್ತು ವರ್ಷ ಹಳೆಯ ಬೋರ್ಡ್‌ಗೂ ನಡೆಯುತ್ತದೆ. ಇನ್ನೊಂದು ಎಂ.2 ಸ್ಲಾಟ್‌ನಲ್ಲಿ ಮಲಗುವ, ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಸಣ್ಣದು. ಇದರಲ್ಲೇ ಎನ್‌ವಿಎಂಇ ಎಂಬ ಬಗೆ ಸೆಕೆಂಡಿಗೆ ಮೂರೂವರೆ ಸಾವಿರ ಮೆಗಾಬೈಟ್, ಹೊಸ ಬೋರ್ಡ್‌ಗಳಲ್ಲಿ ಇನ್ನೂ ಹೆಚ್ಚು ಮುಟ್ಟುತ್ತದೆ. ಜಾಹೀರಾತಿನಲ್ಲಿ ಈ ಅಂಕಿ ದೊಡ್ಡದಾಗಿ ಕಾಣುತ್ತದೆ. ಟೈಪಿಂಗ್, ಬ್ರೌಸಿಂಗ್, ಆನ್‌ಲೈನ್ ತರಗತಿಗಳಿಗೆ ಎರಡರ ನಡುವೆ ನಿಮಗೆ ಹೆಚ್ಚಿನ ವ್ಯತ್ಯಾಸ ಗೊತ್ತಾಗದು. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬರುವ ಜಿಗಿತವೇ ದೊಡ್ಡದು.

1 ಟೆರಾಬೈಟ್ ಡಿಸ್ಕ್ ಕೊಂಡರೆ ವಿಂಡೋಸ್ 931 ಜಿಬಿ ಮಾತ್ರ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ರ‍್ಯಾಮ್: ಎಷ್ಟು ಬೇಕು, ಯಾವುದು ಹೊಂದುತ್ತದೆ

ಕರೆಂಟ್ ಹೋದ ತಕ್ಷಣ ರ‍್ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸೇವ್ ಮಾಡದ ಪತ್ರ ಮಾಯವಾಗುವುದು ಇದಕ್ಕೇ. ಸೇವ್ ಮಾಡುವುದೆಂದರೆ ರ‍್ಯಾಮ್‌ನಿಂದ ಡಿಸ್ಕ್‌ಗೆ ಬರೆಯಿಸುವುದು.

ವಿಂಡೋಸ್ 11ಕ್ಕೆ 4 ಜಿಬಿ ಕನಿಷ್ಠ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟರಲ್ಲಿ ಅದು ಏಳುತ್ತದೆ, ನಡೆಯುವುದಿಲ್ಲ. ಮನೆ ಬಳಕೆಗೆ 8 ಜಿಬಿ ಇರಲಿ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಡುವವರಿಗೆ, ಫೋಟೋ ಅಥವಾ ವಿಡಿಯೋ ಎಡಿಟಿಂಗ್ ಮಾಡುವವರಿಗೆ 16 ಜಿಬಿ.

ಹೊಂದಾಣಿಕೆಯ ವಿಷಯದಲ್ಲಿ ಎಚ್ಚರ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇದೆ, ಬೇಕಾದ ವೋಲ್ಟೇಜ್ ಕೂಡ ಬೇರೆ. ಲ್ಯಾಪ್‌ಟಾಪ್‌ನ ಪಟ್ಟಿ ಇನ್ನೂ ಗಿಡ್ಡ, ಅದು ಡೆಸ್ಕ್‌ಟಾಪ್‌ಗೆ ಬರುವುದಿಲ್ಲ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ಹೆಚ್ಚಿಸುವ ಮಾತೇ ಇಲ್ಲ. ಕೊಳ್ಳುವ ದಿನವೇ ಕೇಳಿಕೊಳ್ಳಬೇಕು. ಸಾಧ್ಯವಿದ್ದರೆ 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿ ಹಾಕಿಸಿ. ಎರಡು ದಾರಿಯಲ್ಲಿ ಒಟ್ಟಿಗೆ ಓದಲು ಬರುವುದರಿಂದ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಪ್ರೊಸೆಸರ್: ಸ್ಟಿಕ್ಕರ್‌ಗೆ ಮರುಳಾಗಬೇಡಿ

ಮನೆಮಂದಿಯೆಲ್ಲ ‘ಸಿಪಿಯು’ ಎಂದು ಕರೆಯುವುದು ಇಡೀ ಡಬ್ಬಿಯನ್ನು. ಅಂಗಡಿಯಲ್ಲಿ ‘ಸಿಪಿಯು ಹೋಗಿದೆ’ ಎಂದು ಯಾರಾದರೂ ಹೇಳಿದರೆ, ಡಬ್ಬಿಯೋ ಒಳಗಿನ ಪ್ರೊಸೆಸರ್ ಚಿಪ್ಪೋ ಎಂದು ಬಿಡಿಸಿ ಕೇಳಿ. ಬಿಲ್ಲಿನ ಮೊತ್ತ ಆ ಉತ್ತರದ ಮೇಲೆ ನಿಂತಿರುತ್ತದೆ. ನಿಜ ಹೇಳಬೇಕೆಂದರೆ ಪ್ರೊಸೆಸರ್ ಕೆಟ್ಟುಹೋಗುವುದು ತೀರ ಅಪರೂಪ.

ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ‘ಐ7 ಕಂಪ್ಯೂಟರ್’ ಎಂಬ ಕೂಗು ಜೋರು. ಐ3, ಐ5, ಐ7 ಎಂಬುದು ಆಯಾ ವರ್ಷದ ಪೀಳಿಗೆಯೊಳಗಿನ ದರ್ಜೆ ಮಾತ್ರ. ಪೀಳಿಗೆ ಯಾವುದೆಂದು ಅದರ ಮುಂದಿನ ಅಂಕಿ ಹೇಳುತ್ತದೆ. ಐ7-3770 ಎಂದರೆ ಮೂರನೇ ಪೀಳಿಗೆ, 2012ರದು. ಐ3-12100 ಎಂದರೆ ಹನ್ನೆರಡನೆಯದು, 2022ರದು. ಈ ಐ3 ಆ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಆ ಇಂಟೆಲ್ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಭಾಗ ಇಲ್ಲ. ಪ್ರತ್ಯೇಕ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡದು.

ಪ್ರೊಸೆಸರ್ ಮೇಲೆ ಕೂತಿರುವ ಫ್ಯಾನ್ ಮತ್ತು ಲೋಹದ ರೆಕ್ಕೆಗಳ ನಡುವೆ ನಮ್ಮ ಊರುಗಳ ಧೂಳು ಕಂಬಳಿಯಂತೆ ಕೂರುತ್ತದೆ. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ, ಸುಮಾರು 100 ಡಿಗ್ರಿ ಮುಟ್ಟಿಯೂ ಬಿಸಿ ಏರುತ್ತಲೇ ಇದ್ದರೆ ಯಂತ್ರ ತಟ್ಟನೆ ಆಫ್ ಆಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಮಾತ್ರ ಆಫ್ ಆಗುವ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಎಂದುಕೊಳ್ಳಬೇಡಿ. ಫ್ಯಾನ್ ನೋಡಿ.

ಮದರ್‌ಬೋರ್ಡ್ ಮತ್ತು ಅದರ ಪುಟ್ಟ ಸೆಲ್

ಯಾವ ಪ್ರೊಸೆಸರ್, ಯಾವ ರ‍್ಯಾಮ್, ಎಷ್ಟು ಡಿಸ್ಕ್ ಎಂಬುದನ್ನೆಲ್ಲ ನಿರ್ಧರಿಸುವುದು ಮದರ್‌ಬೋರ್ಡ್. ಹಾಗಾಗಿ ಅದರ ಮಾಡೆಲ್ ಹೆಸರು ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಮಾತು ಉಳಿಯುತ್ತದೆ. ಬೋರ್ಡ್‌ನ ಮೇಲೆ ನಾಣ್ಯದಂಥ ಸೆಲ್ ಒಂದಿರುತ್ತದೆ. ಸಿಆರ್2032, 3 ವೋಲ್ಟ್. ಕಂಪ್ಯೂಟರ್ ಆಫ್ ಇರುವಾಗ ಗಡಿಯಾರ ನಡೆಸುವುದು ಇದೇ. ಇದು ಮುಗಿದರೆ ಪ್ರತಿ ಸಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ಯಾಂಕಿನ ಪುಟವಾಗಲಿ, ಪಹಣಿ ತೆಗೆಯುವ ಪುಟವಾಗಲಿ ‘ಸುರಕ್ಷಿತವಲ್ಲ’ ಎಂದು ತೆರೆಯದೆ ಕೂರುತ್ತದೆ, ಏಕೆಂದರೆ ಆ ಪುಟಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಷ್ಟು ದಿನ ಎಂಬ ಅವಧಿ ಇರುತ್ತದೆ. ಜನ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳವಾಡುತ್ತಾರೆ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುವ ಅಗ್ಗದ ಸೆಲ್ ಒಂದರಿಂದ ಮುಗಿಯುವ ಕೆಲಸ.

ಎಸ್‌ಎಂಪಿಎಸ್, ಅರ್ಥಿಂಗ್, ಯುಪಿಎಸ್

ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿಯಾಗಿ ಮಾಡಿ ಹಂಚುವುದು ಎಸ್‌ಎಂಪಿಎಸ್. ಜನ ಅತಿ ಹೆಚ್ಚು ಜಿಪುಣತನ ತೋರುವುದು ಇಲ್ಲಿ, ತೋರಬಾರದ ಜಾಗವೂ ಇದೇ. ಅಗ್ಗದ ಎಸ್‌ಎಂಪಿಎಸ್ ಸುಡುವಾಗ ಒಂಟಿಯಾಗಿ ಸುಡುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಒಯ್ಯಬಲ್ಲದು. ಹೆಸರಿರುವ ಕಂಪನಿಯ, ‘80 ಪ್ಲಸ್’ ಗುರುತಿರುವುದನ್ನು ಕೊಳ್ಳಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ‘ಸ್ವಲ್ಪ ಶಾಕ್ ಹೊಡೆಯುತ್ತೆ, ಚಪ್ಪಲಿ ಹಾಕ್ಕೊಂಡು ಕೂತ್ಕೋ’ ಎನ್ನುವ ಮನೆಗಳು ಬಹಳ. ಎಸ್‌ಎಂಪಿಎಸ್ ಒಳಗಿನ ಸೋಸುವ ಸರ್ಕ್ಯೂಟ್‌ನಿಂದ ಅತಿ ಸಣ್ಣ ಪ್ರಮಾಣದ ವಿದ್ಯುತ್ ಕ್ಯಾಬಿನೆಟ್‌ಗೆ ಸೋರುವುದು ಅದರ ವಿನ್ಯಾಸದಲ್ಲೇ ಇದೆ. ಅದು ಮೂರನೇ ಪಿನ್ನಿನ ಮೂಲಕ ಭೂಮಿಗೆ ಇಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ನಿಲ್ಲಬಹುದು. ಅಂದರೆ ಆ ಜುಮ್ ಹೇಳುತ್ತಿರುವುದು ನಿಮ್ಮ ಮನೆಯ ವೈರಿಂಗ್ ಬಗ್ಗೆ. ಎಸ್‌ಎಂಪಿಎಸ್ ನಿಜವಾಗಿಯೂ ಕೆಟ್ಟ ದಿನ ಆ ಜುಮ್ ಅಪಾಯವಾದೀತು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿ. ಮೂರು ಪಿನ್ ಪ್ಲಗ್‌ಗೆ ಎರಡು ಪಿನ್ ಕನ್ವರ್ಟರ್ ಹಾಕುವುದು, ಅರ್ಥ್ ಪಿನ್ ಮುರಿದು ಸಿಕ್ಕಿಸುವುದು ಬೇಡವೇ ಬೇಡ.

ಯುಪಿಎಸ್ ಇರುವುದು ಕರೆಂಟ್ ಹೋದಾಗ ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಲು, ಸಿನಿಮಾ ಮುಗಿಸಲು ಅಲ್ಲ. ಅದರ ಬ್ಯಾಟರಿ ಮೂರು ವರ್ಷದ ಆಸುಪಾಸಿನಲ್ಲಿ ಸೋಲುತ್ತದೆ. ಬ್ಯಾಟರಿ ಮಾತ್ರ ಬದಲಿಸಲು ಬರುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿಯಾಗುವ ಹೊತ್ತಿಗೆ ಅದು ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಡೆಯದು.

ಮಿಕ್ಕ ಭಾಗಗಳಿಗೆ ಇಷ್ಟು ವಿವರಣೆ ಬೇಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಆಟ, ವಿಡಿಯೋ ಎಡಿಟಿಂಗ್, ತ್ರೀಡಿ ಕೆಲಸಕ್ಕೆ ಬೇಕು. ಕಚೇರಿ ಕೆಲಸಕ್ಕೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸೇ ಸಾಕು. ಹಿಂಬದಿಯ ಸಾಕೆಟ್‌ಗಳಲ್ಲಿ ಹಸಿರು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ. ನೀಲಿ ಯುಎಸ್‌ಬಿ ಸಾಮಾನ್ಯವಾಗಿ ಕಪ್ಪಿನದಕ್ಕಿಂತ ವೇಗದ್ದು; ಪೆನ್‌ಡ್ರೈವ್ ನೀಲಿಗೆ, ಕೀಬೋರ್ಡ್ ಮತ್ತು ಮೌಸ್ ಕಪ್ಪಿಗೆ. ಕನ್ನಡ ಟೈಪಿಸಲು ಬೇರೆ ಕೀಬೋರ್ಡ್ ಕೊಳ್ಳಬೇಕಿಲ್ಲ, ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು.

ಮುಚ್ಚಳ ತೆಗೆಯುವ ಮೊದಲೇ ಪತ್ತೆ ಹಚ್ಚಿ

ಕಂಪ್ಯೂಟರ್ ಅತ್ಯಂತ ನಿಧಾನವಾಗಿರುವ ಹೊತ್ತಿನಲ್ಲೇ ಹೀಗೆ ಮಾಡಿ.

1. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋಗಿ.

2. ಡಿಸ್ಕ್ ಬಹಳ ಹೊತ್ತು 100 ಪ್ರತಿಶತದಲ್ಲೇ ನಿಂತಿದ್ದು, ಪ್ರೊಸೆಸರ್ ಹತ್ತಿಪ್ಪತ್ತರಲ್ಲಿದ್ದರೆ ಕಾಯಿಸುತ್ತಿರುವುದು ಡಿಸ್ಕ್. ಅದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂಬುದನ್ನೂ ಅಲ್ಲೇ ಬರೆದಿರುತ್ತದೆ.

3. ಮೆಮೊರಿ 85–90 ಪ್ರತಿಶತ ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ತುಂಬಿವೆ ಎಂದೂ ಅದೇ ಪುಟ ತೋರಿಸುತ್ತದೆ. ಎರಡರಲ್ಲಿ ಒಂದು ಖಾಲಿಯಿದ್ದರೆ ನಿಮ್ಮ ಅದೃಷ್ಟ.

4. ಡಿಸ್ಕ್ ಮತ್ತು ಮೆಮೊರಿ ಎರಡೂ ತುಂಬಿ ತುಳುಕುತ್ತಿದ್ದರೆ, ರ‍್ಯಾಮ್ ಸಾಲದೆ ಡಿಸ್ಕ್‌ಗೆ ಸಾಗಾಟ ನಡೆದಿರುವ ಸಾಧ್ಯತೆ ಹೆಚ್ಚು.

5. ಪ್ರೊಸೆಸರ್ ಒಂದೇ ಸಮನೆ 100ರಲ್ಲಿದ್ದರೆ ‘ಪ್ರೊಸೆಸಸ್’ ಪಟ್ಟಿಯಲ್ಲಿ ಯಾವ ಪ್ರೋಗ್ರಾಂ ಅದನ್ನು ನುಂಗುತ್ತಿದೆ ನೋಡಿ. ತಾನಾಗಿ ಶುರುವಾಗುವ ಪ್ರೋಗ್ರಾಂಗಳನ್ನು ‘ಸ್ಟಾರ್ಟಪ್’ ಪಟ್ಟಿಯಲ್ಲಿ ನಿಲ್ಲಿಸಿದರೆ ಖರ್ಚಿಲ್ಲದೆ ಸುಧಾರಿಸಬಹುದು.

6. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮಿಕ್ಕೆಲ್ಲ ಪರೀಕ್ಷೆ ಬಿಟ್ಟುಬಿಡಿ. ಫೋಟೋ, ದಾಖಲೆಗಳನ್ನು ಈ ಕ್ಷಣವೇ ಬೇರೆಡೆಗೆ ನಕಲು ಮಾಡಿಕೊಳ್ಳಿ. ಆಮೇಲೆ ಮಾತು.

ಮುಚ್ಚಳ ತೆಗೆಯುವ ಕ್ರಮ

ಆನ್ ಆದರೂ ಪರದೆ ಕಪ್ಪಾಗಿಯೇ ಇದ್ದು ಬೀಪ್ ಬೀಪ್ ಎಂದು ಕೂಗುವ ಯಂತ್ರಗಳಲ್ಲಿ ಎಷ್ಟೋ ಸಲ ದೋಷ ಇರುವುದು ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚಿನಲ್ಲಿ. ಕರಾವಳಿ, ಮಲೆನಾಡಿನ ತೇವಕ್ಕೆ ಅಲ್ಲಿ ಕಿಲುಬು ಕಟ್ಟಿ ಸಂಪರ್ಕ ತಪ್ಪುತ್ತದೆ. ಇದನ್ನು ಸರಿಪಡಿಸಲು ಮೆಕ್ಯಾನಿಕ್ ಬೇಡ. ಗ್ಯಾರಂಟಿ ಇನ್ನೂ ಇದ್ದು ಸೀಲ್ ಹಾಕಿದ್ದರೆ ಮಾತ್ರ ಕೈ ಹಾಕಬೇಡಿ.

1. ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕೇಬಲ್ ಕಿತ್ತಿಡಿ. ಆಮೇಲೆ ಕಂಪ್ಯೂಟರ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದರೆ ಬೋರ್ಡ್‌ನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ.

2. ಹಿಂಬದಿಯ ಕೇಬಲ್‌ಗಳ ಫೋಟೋ ತೆಗೆದುಕೊಳ್ಳಿ. ಒಳಗೆ ಏನನ್ನು ಬಿಚ್ಚುವ ಮೊದಲೂ ಒಂದು ಫೋಟೋ.

3. ಪಕ್ಕದ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ ಹಿಂದಕ್ಕೆ ಜಾರಿಸಿ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ನಡುನಡುವೆಯೂ ಮುಟ್ಟುತ್ತಿರಿ. ನಿಮಗೆ ಗೊತ್ತಾಗದಷ್ಟು ಸಣ್ಣ ಸ್ಥಿರ ವಿದ್ಯುತ್ ಕೂಡ ಚಿಪ್ಪನ್ನು ಕೊಲ್ಲಬಲ್ಲದು. ರತ್ನಗಂಬಳಿಯ ಮೇಲೆ ಕೂತು ಈ ಕೆಲಸ ಬೇಡ.

4. ಧೂಳಿಗೆ ಮೆತ್ತನೆಯ ಬ್ರಷ್ ಮತ್ತು ಬ್ಲೋವರ್. ಗಾಳಿ ಬಿಡುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಹುಚ್ಚಾಪಟ್ಟೆ ತಿರುಗಿ ಹಾಳಾಗದಿರಲಿ. ಒದ್ದೆ ಬಟ್ಟೆ ಬೇಡ.

5. ರ‍್ಯಾಮ್ ಸ್ಲಾಟ್‌ನ ಕೊಕ್ಕೆಗಳನ್ನು ಹೊರಕ್ಕೆ ತಳ್ಳಿ ಪಟ್ಟಿ ಎತ್ತಿ. ಅಂಚನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಸ್ಲಾಟ್‌ನಿಂದ ದೂರ ಕೊಡವಿ. ಉಜ್ಜಿದ ಮೇಲೆ ಆ ಅಂಚನ್ನು ಬೆರಳಿನಿಂದ ಮುಟ್ಟಬೇಡಿ.

6. ಕಚ್ಚು ನೋಡಿಕೊಂಡು ಪಟ್ಟಿಯನ್ನು ನೇರವಾಗಿ ಒತ್ತಿ. ‘ಕಟಕ್’ ಎಂದು ಕೊಕ್ಕೆ ತಾನೇ ಮುಚ್ಚಿಕೊಳ್ಳಬೇಕು. ಎರಡು ಪಟ್ಟಿಗಳಿದ್ದರೆ ಮೊದಲು ಒಂದನ್ನೇ ಹಾಕಿ ಆನ್ ಮಾಡಿ, ಆಮೇಲೆ ಇನ್ನೊಂದನ್ನು. ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ. ಪ್ರತಿ ಸಲ ಪಟ್ಟಿ ಮುಟ್ಟುವ ಮುನ್ನ ಕೇಬಲ್ ಕಿತ್ತಿರಬೇಕು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಕೇಬಲ್ ಕಿತ್ತ ಮೇಲೂ ಉಳಿದಿರಬಹುದು. ಕೆಟ್ಟರೆ ಇಡೀ ಡಬ್ಬಿ ಬದಲಿಸುವುದೇ ಸರಿ.

ಸಾಮಾನ್ಯ ತಪ್ಪುಗಳು

ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಮಾನಿಟರ್ ಕೇಬಲ್ಲನ್ನು ಹಳೆಯ ಜಾಗಕ್ಕೇ, ಅಂದರೆ ಮದರ್‌ಬೋರ್ಡ್‌ನ ಸಾಕೆಟ್‌ಗೇ ಸಿಕ್ಕಿಸುವುದು ಬಹಳ ನಡೆಯುತ್ತದೆ. ದುಬಾರಿ ಕಾರ್ಡ್ ಆಗ ಸುಮ್ಮನೆ ಕೂತಿರುತ್ತದೆ.

ಎಂ.2 ಸ್ಲಾಟ್ ಕಂಡ ಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಎಂದುಕೊಳ್ಳುವುದು ಇನ್ನೊಂದು. ಕೆಲವು ಹಳೆಯ ಬೋರ್ಡ್‌ಗಳ ಎಂ.2 ಸ್ಲಾಟ್ ಸಾಟಾ ಬಗೆಯನ್ನು ಮಾತ್ರ ಗುರುತಿಸುತ್ತದೆ. ಬೋರ್ಡ್‌ನ ಕೈಪಿಡಿ ತಯಾರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಕೊಳ್ಳುವ ಮುನ್ನ ಆ ಒಂದು ಪುಟ ಓದಿ.

ಎಸ್‌ಎಸ್‌ಡಿ ಹಾಕಿಸಿ ವಿಂಡೋಸನ್ನು ಹಳೆಯ ಹಾರ್ಡ್ ಡಿಸ್ಕ್‌ನಲ್ಲೇ ಉಳಿಸಿಕೊಂಡು ‘ಏನೂ ಫರಕ್ ಆಗಲಿಲ್ಲ’ ಎನ್ನುವವರಿದ್ದಾರೆ. ವಿಂಡೋಸ್ ಎಸ್‌ಎಸ್‌ಡಿಗೆ ಹೋಗಬೇಕು, ಫೋಟೋ-ಸಿನಿಮಾಗಳು ಹಾರ್ಡ್ ಡಿಸ್ಕ್‌ನಲ್ಲಿರಲಿ.

‘ಬೋರ್ಡ್ ಚೇಂಜ್ ಮಾಡ್ಬೇಕು’ ಎಂದರೆ ಒಮ್ಮೆಲೇ ಒಪ್ಪಬೇಡಿ. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಪರವಾನಗಿ ಆ ಬೋರ್ಡ್‌ಗೆ ಕಟ್ಟುಬಿದ್ದಿರುತ್ತದೆ. ರ‍್ಯಾಮ್, ಡಿಸ್ಕ್ ಬದಲಿಸಿದರೆ ತೊಂದರೆಯಿಲ್ಲ. ಬೋರ್ಡ್ ಹೋದರೆ ಪರವಾನಗಿಯೂ ಹೋಗಬಹುದು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುವುದನ್ನೂ ರೂಢಿಸಿಕೊಳ್ಳಿ, ಬಿಲ್ಲಿನಲ್ಲಿ ಹೊಸ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಗ್ಯಾರಂಟಿ ಕೇಳಲು ಹೋದಾಗ ಬೇಕಾಗುವುದು ಅದೇ.

ಹೊಸದೇ ಸರಿ ಎನ್ನುವುದು ಯಾವಾಗ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಿಮ್ಮದು ಹೊಂದುತ್ತದೆಯೇ ಎಂದು ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಪ್ರೋಗ್ರಾಂ ಹೇಳುತ್ತದೆ. ಹೊಂದುವುದಾದರೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿಸಿ ಇನ್ನೂ ಕೆಲವು ವರ್ಷ ಓಡಿಸಿ. ಹೊಂದದಿದ್ದರೆ, ಹಣಕಾಸಿನ ವ್ಯವಹಾರವೆಲ್ಲ ಅದರಲ್ಲೇ ಮಾಡುವವರಾದರೆ, ಹೊಸದರ ಬಗ್ಗೆ ಯೋಚಿಸುವುದು ನ್ಯಾಯ. ಬರೀ ಟೈಪಿಂಗ್, ಬ್ರೌಸಿಂಗ್ ಮಾಡುವ ಮನೆಗೆ ಉಬುಂಟು ಅಥವಾ ಮಿಂಟ್‌ನಂಥ ಉಚಿತ ಲಿನಕ್ಸ್ ಹಾಕಿಸಿದರೆ ಅದೇ ಯಂತ್ರ ಭದ್ರತಾ ಅಪ್‌ಡೇಟ್ ಸಮೇತ ನಡೆಯುತ್ತದೆ. ಆದರೆ ಟ್ಯಾಲಿ, ನುಡಿ ಮುಂತಾದ ವಿಂಡೋಸ್ ತಂತ್ರಾಂಶಗಳನ್ನೇ ನೆಚ್ಚಿಕೊಂಡವರಿಗೆ ಈ ದಾರಿ ಕಷ್ಟ.

ಹೊಸದು ಕೊಂಡರೂ, ಡಿಸ್ಕ್ ಮಾತ್ರ ಬದಲಿಸಿದರೂ ಹಳೆಯ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಡಿಲೀಟ್ ಒತ್ತಿದರೆ ಫೈಲ್‌ನ ಹೆಸರು ಪಟ್ಟಿಯಿಂದ ಹೋಗುತ್ತದೆಯೇ ಹೊರತು ಒಳಗಿನದು ತಕ್ಷಣ ಅಳಿಯುವುದಿಲ್ಲ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮರಳಿ ಹೊರಬರಬಲ್ಲವು. ಕೊಟ್ಟುಬಿಡುವುದೇ ಆದರೆ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ, ಗಂಟೆಗಟ್ಟಲೆ ಹಿಡಿದರೂ ಸರಿ. ಡಿಸ್ಕ್ ಗಟ್ಟಿಯಾಗಿದ್ದರೆ ಇನ್ನೂ ಒಳ್ಳೆಯ ಉಪಯೋಗವಿದೆ. ಯುಎಸ್‌ಬಿ ಕೇಸ್ ಒಂದರಲ್ಲಿ ಹಾಕಿಸಿಕೊಂಡು ಫೋಟೋಗಳ ಎರಡನೇ ಪ್ರತಿ ಇಡಲು ಬಳಸಿ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್‌ಗೆ ಯುಎಸ್‌ಬಿಯ ವಿದ್ಯುತ್ತೇ ಸಾಕು. ಡೆಸ್ಕ್‌ಟಾಪ್‌ನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಅಡಾಪ್ಟರ್ ಇರುವ ಕೇಸ್ ಬೇಕು, ಕೊಳ್ಳುವಾಗ ಹಾಗೆಂದೇ ಕೇಳಿ.